ಕ್ಯಾಮೆರಾ ತೆಗೆದವರು ಒಬ್ಬರು, ತಪ್ಪೊಪ್ಪಿಗೆ ಬರೆದವರು ಇನ್ನೊಬ್ಬರು: ಒಂದು ಪ್ರಕರಣ

ಹೆತ್ತವರ ಜೊತೆ, ಮಕ್ಕಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಆಪ್ತ ಸಮಾಲೋಚನೆ ಅಂತಾರಲ್ಲ, ಅದು. ಇಲ್ಲಿ ಬರೆಯುತ್ತಿರುವುದು ಎರಡು ಮನೆಗಳ ಕಥೆ. ಎರಡೂ ಮನೆಯವರು ಒಪ್ಪಿದ ಮೇಲೆಯೇ ಬರೆಯಲು ಕೂತೆ. ಹೆಸರು, ಊರು, ಶಾಲೆ ಯಾವುದೂ ಇರುವುದಿಲ್ಲ. ಗುರುತು ಸಿಗದಿರಲಿ ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಹುಡುಗನ ಮನೆಯವರು ಯಾವ ಗುಂಪಿಗೆ ಸೇರಿದವರು ಅಂತಲೂ ಬೇಕೆಂದೇ ಹೇಳುತ್ತಿಲ್ಲ. ಮೈಬಣ್ಣ ಇರಬಹುದು, ಜಾತಿ ಇರಬಹುದು, ಧರ್ಮ ಇರಬಹುದು, ಬೇರೆ ಕಡೆಯಿಂದ ಬಂದವರು ಅನ್ನುವ ಹಣೆಪಟ್ಟಿ ಇರಬಹುದು. ನೀವಿರುವ ಕಡೆ ಏನಾದರೂ ಕಳೆದುಹೋದಾಗ ಎಲ್ಲರ ಕಣ್ಣು ಮೊದಲು ಯಾರ ಕಡೆ ತಿರುಗುತ್ತದೋ, ಅವರ ಮನೆ ಅಂದುಕೊಳ್ಳಿ.

ಹಿನ್ನೆಲೆ

ಹುಡುಗಿಗೆ 11 ವರ್ಷ. ಅಪ್ಪ, ಅಮ್ಮ ಇಬ್ಬರೂ ಓದಿದವರು, ಕೈತುಂಬ ಸಂಬಳ ತರುವವರು. ಅಪ್ಪ ಶಾಲೆಯ ಪೋಷಕರ ಸಮಿತಿಯಲ್ಲಿದ್ದರು. ಎಲ್ಲರೂ ಸಮಾನರು ಅನ್ನುವುದು ಆ ಮನೆಯಲ್ಲಿ ಬರೀ ಬಾಯಿಮಾತಾಗಿರಲಿಲ್ಲ. ಮಗಳು ಎಲ್ಲ ಥರದ ಮಕ್ಕಳ ಜೊತೆ ಬೆಳೆಯಲಿ ಅಂತಲೇ ಆ ಶಾಲೆಗೆ ಸೇರಿಸಿದ್ದರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದ್ದನ್ನು ಓದುವಾಗ ಇವರು ಕೆಟ್ಟ ಜನ ಅಂದುಕೊಂಡು ಪಕ್ಕಕ್ಕಿಡುವುದು ಸುಲಭ. ಇವರು ಕೆಟ್ಟವರಲ್ಲ.

ಹುಡುಗನೂ ಅದೇ ತರಗತಿಯವನು. ಮನೆಯಲ್ಲಿ ಅವನಿಗೆ ಅಮ್ಮ ಒಬ್ಬರೇ. ಅವರ ಕೆಲಸ ಮುಗಿಯುವುದು ಸಂಜೆ ತಡವಾಗಿ. ಹಾಗಾಗಿ ಶಾಲೆ ಬಿಟ್ಟ ಮೇಲೆ ಅವನು ಚಿತ್ರಕಲೆಯ ಕೋಣೆಯಲ್ಲಿ ಕೂತು ಕಾಯುತ್ತಿದ್ದ. ಅದಕ್ಕೆ ಟೀಚರ್ ಅನುಮತಿಯೂ ಇತ್ತು. ಆ ಕೋಣೆಯಲ್ಲಿ ಶಾಲೆಯದ್ದೇ ಒಂದು ಕ್ಯಾಮೆರಾ. ಮಕ್ಕಳು ಸರದಿಯಲ್ಲಿ ಬಳಸುತ್ತಿದ್ದರು. ಜಾಸ್ತಿ ಬಳಸುತ್ತಿದ್ದವನು ಇವನೇ. ಕಾಯುವ ಹೊತ್ತು ಅವನ ಬಳಿ ಬೇಕಾದಷ್ಟಿತ್ತು, ಕೈಯೂ ಚೆನ್ನಾಗಿತ್ತು. ಮಳೆ ನಿಂತ ಮೇಲೆ ಕಿಟಕಿ ಗಾಜಿನ ಮೇಲೆ ಉಳಿದ ಹನಿಗಳ ಫೋಟೋ ಒಂದನ್ನು ತೆಗೆದಿದ್ದ. ಹತ್ತಿರ ಹೋಗಿ ನೋಡಿದರೆ ಒಂದೊಂದು ಹನಿಯೊಳಗೂ ಆಟದ ಮೈದಾನ ತಲೆಕೆಳಗಾಗಿ ಕಾಣುತ್ತದೆ. ಟೀಚರ್ ಅದನ್ನು ಗೋಡೆಗೆ ಅಂಟಿಸಿದ್ದರು.

ಒಂದು ದಿನ ಕ್ಯಾಮೆರಾ ಕಾಣೆಯಾಯಿತು.

ನಿನ್ನೆ ಸಂಜೆ ಕೊನೆಗೆ ಆ ಕೋಣೆಯಲ್ಲಿದ್ದವರು ಯಾರು ಅಂತ ಟೀಚರ್ ತರಗತಿಯಲ್ಲಿ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಅವನತ್ತ ನೋಡಿದರು. 2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಶಿಶುವಿಹಾರದ ಟೀಚರ್‌ಗಳಿಗೆ ಒಂದು ವಿಡಿಯೋ ತೋರಿಸಿ, ಮಕ್ಕಳಲ್ಲಿ ಯಾರಾದರೂ ತುಂಟಾಟ ಮಾಡುತ್ತಾರಾ ಗಮನಿಸಿ ಅಂದಿದ್ದರು. ವಿಡಿಯೋದಲ್ಲಿ ಯಾರೂ ಏನೂ ಮಾಡುವುದಿಲ್ಲ. ಟೀಚರ್‌ಗಳ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಯಂತ್ರ ಅಳೆಯುತ್ತಿತ್ತು. ಕಪ್ಪು ಹುಡುಗನ ಮೇಲೆಯೇ ಜಾಸ್ತಿ ಹೊತ್ತು ನಿಂತಿತ್ತು. ಆ ಟೀಚರ್‌ಗಳೂ ಕೆಟ್ಟವರೇನಲ್ಲ. ನೋಡುವ ಅಭ್ಯಾಸ ಹಾಗಿದೆ. ನಮ್ಮ ಈ ತರಗತಿಯಲ್ಲಿ ಕಣ್ಣು ತಿರುಗಿದ್ದು ಮಕ್ಕಳದ್ದು, 11 ವರ್ಷದವರದ್ದು. ಅಷ್ಟು ಹೊತ್ತಿಗೆ ಅವರೂ ಕಲಿತಿದ್ದರು.

ಹುಡುಗ 3 ಸಲ ‘ನಾನಲ್ಲ’ ಅಂದ. ಅವನಮ್ಮನಿಗೆ ಫೋನ್ ಹೋಯಿತು. ಅವರು ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದರು. ಒಪ್ಪಿಕೊಂಡು ಒಂದು ಪತ್ರ ಬರೆದುಕೊಟ್ಟರೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಇಲ್ಲಾಂದ್ರೆ ಮುಂದೆ ಹೋಗಬೇಕಾಗುತ್ತದೆ ಅಂತ ಅವರಿಗೆ ಹೇಳಲಾಯಿತು. ‘ಮುಂದೆ’ ಅಂದರೆ ಏನು ಅಂತ ಆ ತಾಯಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮನೆತನದಲ್ಲಿ ‘ಮುಂದೆ’ ಹೋದವರನ್ನು ಅವರು ನೋಡಿದ್ದರು. ಮಗನನ್ನು ಹೊರಗೆ ಕರೆದುಕೊಂಡು ಹೋಗಿ, ‘ಬರೆದುಬಿಡು ಕಂದಾ, ನೀನು ತಗೊಂಡಿಲ್ಲ ಅಂತ ನಂಗೊತ್ತು, ಆದ್ರೂ ಬರೆದುಬಿಡು’ ಅಂದರು. ಅವನು ಬರೆದ. ಆ ದಿನದಿಂದ ಅವನು ಚಿತ್ರಕಲೆಯ ಕೋಣೆಗೆ ಹೋಗುವ ಹಾಗಿರಲಿಲ್ಲ. ಸಂಜೆ ಕಾಯುವುದು ಆಫೀಸಿನ ಎದುರಿನ ಬೆಂಚಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಗೋಡೆಯ ಮೇಲಿನ ಫೋಟೋವನ್ನೂ ಯಾರೋ ತೆಗೆದರು.

5 ವಾರದ ಮೇಲೆ ಹುಡುಗಿಯ ಅಮ್ಮ ಮಗಳ ಕಪಾಟು ಚೊಕ್ಕ ಮಾಡಲು ಹೋದರು. ಚಿಕ್ಕದಾದ ಬಟ್ಟೆಗಳ ಹಿಂದೆ, ಒಂದು ಟವೆಲಿನಲ್ಲಿ ಸುತ್ತಿಟ್ಟ ಕ್ಯಾಮೆರಾ ಸಿಕ್ಕಿತು. ಲೆನ್ಸ್ ಒಡೆದಿತ್ತು.

ಯಾರಿಗೂ ನೋವಾಗದ ದಾರಿ

ಹುಡುಗಿ ಅತ್ತು ಎಲ್ಲ ಹೇಳಿದಳು. ಒಂದೇ ರಾತ್ರಿಗೆ ಅಂತ ಕ್ಯಾಮೆರಾ ತಂದಿದ್ದಳು, ಕೈಜಾರಿ ಬಿತ್ತು. ಬೆಳಿಗ್ಗೆ ಹೇಳೋಣ ಅಂದುಕೊಂಡೇ ಶಾಲೆಗೆ ಹೋಗಿದ್ದಳು. ಹೋಗಿ ನೋಡಿದರೆ ಹುಡುಗನ ವಿಚಾರಣೆ ನಡೆಯುತ್ತಿತ್ತು. ಬಾಯಿ ಕಟ್ಟಿಹೋಯಿತು.

‘ನಾವು ಅವಳನ್ನ ಒಂದು ದಿನಾನೂ ಹೊಡೆದವರಲ್ಲ, ಯಾಕೆ ಮುಚ್ಚಿಟ್ಟಳು?’ ಅಂತ ಅಮ್ಮ ಆಮೇಲೆ ನನ್ನನ್ನು ಎಷ್ಟೋ ಸಲ ಕೇಳಿದರು. ವಿಕ್ಟೋರಿಯಾ ತಲ್ವಾರ್, ಕಾಂಗ್ ಲೀ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳನ್ನು ಹೋಲಿಸಿದ್ದರು. ಒಂದರಲ್ಲಿ ಹೊಡೆತ, ಇನ್ನೊಂದರಲ್ಲಿ ಇಲ್ಲ. ಹೊಡೆಯುವ ಶಾಲೆಯ ಮಕ್ಕಳೇ ಸುಳ್ಳು ಹೇಳಿದ್ದು ಜಾಸ್ತಿ, ಆ ಸುಳ್ಳನ್ನು ಸಿಕ್ಕಿಬೀಳದ ಹಾಗೆ ಕಾಪಾಡಿಕೊಂಡಿದ್ದೂ ಅವರೇ. ಇದನ್ನು ಹೇಳಿ ನಾನು ಆ ಅಮ್ಮನಿಗೆ ಒಂದು ಮಾತು ಸೇರಿಸಿದೆ. ಶಿಕ್ಷೆ ನಿಮ್ಮ ಮಗಳ ಮೈಮೇಲೆ ಬೀಳಬೇಕು ಅಂತೇನಿಲ್ಲ, ಪಕ್ಕದ ಬೆಂಚಿನವನ ಮೇಲೆ ಬಿದ್ದಿದ್ದನ್ನು ನೋಡಿದರೂ ಮಗು ಕಲಿಯುತ್ತದೆ.

ಆ ಹೊತ್ತಿಗೆ ಇನ್ನೊಂದು ತೊಡಕಿತ್ತು. ಹುಡುಗಿಗೆ ಸೀಟು ಸಿಗುವುದೇ ಕಷ್ಟವಾದ ಬೇರೊಂದು ಶಾಲೆಗೆ ಅರ್ಜಿ ಹಾಕಿದ್ದರು. ಈಗಿನ ಶಾಲೆ ನಡತೆಯ ಪತ್ರ ಕೊಡಬೇಕು. ಕೊನೆಯ ದಿನಕ್ಕೆ 3 ವಾರ ಬಾಕಿ.

ಅಪ್ಪ ಒಂದು ದಾರಿ ಹುಡುಕಿದರು. ಕ್ಯಾಮೆರಾ ರಿಪೇರಿ ಮಾಡಿಸಿ ಸದ್ದಿಲ್ಲದೆ ಇದ್ದಲ್ಲೇ ಇಟ್ಟುಬಿಡುವುದು. ವಸ್ತು ಸಿಕ್ಕಿದ ಮೇಲೆ ಹುಡುಗನ ಮೇಲಿನ ಆರೋಪವೂ ತಾನಾಗಿ ಬಿದ್ದುಹೋಗುತ್ತದೆ, ಮಗಳಿಗೂ ತೊಂದರೆ ಇಲ್ಲ. ಸಮಿತಿಯ ಸಭೆ ಇದ್ದ ಒಂದು ಸಂಜೆ ಹಾಗೇ ಮಾಡಿದರು. ಬರುವಾಗ ಬೆಂಚಿನ ಮೇಲೆ ಕೂತಿದ್ದ ಹುಡುಗನನ್ನು ದಾಟಿಕೊಂಡು ಬಂದೆ, ಅವನು ನಮಸ್ಕಾರ ಅಂದ, ನಾನೂ ಅಂದೆ ಅಂತ ನನಗೆ ಹೇಳುವಾಗ ಅವರ ಧ್ವನಿ ನಿಂತುಹೋಯಿತು.

ಮಾರನೇ ದಿನ ಕ್ಯಾಮೆರಾ ಸಿಕ್ಕಿತು. ಶಾಲೆಯವರು ಏನಂದುಕೊಂಡರು ಗೊತ್ತಾ? ಹುಡುಗನೇ ಹೆದರಿ ತಂದಿಟ್ಟಿದ್ದಾನೆ ಅಂದುಕೊಂಡರು. ಅಲ್ಲಿಯವರೆಗೆ ಒಂದಿಬ್ಬರಿಗಾದರೂ ಅನುಮಾನ ಇತ್ತು, ಈಗ ಅದೂ ಹೋಯಿತು. ‘ಪಾಪ, ಕೊನೆಗೂ ಬುದ್ಧಿ ಬಂತು’ ಅಂತ ಒಬ್ಬರು ಮೆಚ್ಚಿಕೊಂಡರಂತೆ.

ಇದಕ್ಕಿಂತ ದೊಡ್ಡ ಏಟು ಇನ್ನೊಂದಿತ್ತು, ಅದು ನನಗೆ ತಿಳಿದಿದ್ದು ತಡವಾಗಿ. ಕ್ಯಾಮೆರಾ ಸಿಕ್ಕಿತು ಅಂತ ಕೇಳಿದ ರಾತ್ರಿ ಹುಡುಗನ ಅಮ್ಮ ಅವನನ್ನು ಹತ್ತಿರ ಕೂರಿಸಿಕೊಂಡು, ‘ನಿಜ ಹೇಳು, ನೀನೇನಾ?’ ಅಂತ ಕೇಳಿಬಿಟ್ಟಿದ್ದರು. ಅಲ್ಲಿಯವರೆಗೆ ಅವನನ್ನು ನಂಬಿದ್ದವರು ಅವರೊಬ್ಬರೇ. ಅವನು ಉತ್ತರ ಕೊಡಲಿಲ್ಲ. ಆಮೇಲೆ ಶಾಲೆಯ ಸುದ್ದಿಯನ್ನು ಮನೆಯಲ್ಲಿ ಎತ್ತುವುದನ್ನೇ ಬಿಟ್ಟ.

ಯಾರಿಗೂ ನೋವಾಗದ ದಾರಿ ಅಂತ ಆ ಅಪ್ಪ ಹುಡುಕಿದ್ದರು. ನೆಲ ಮೊದಲೇ ಒಂದು ಕಡೆಗೆ ವಾಲಿರುವಾಗ ನೀರನ್ನು ಎಲ್ಲಿ ಸುರಿದರೂ ಅದು ಹರಿಯುವುದು ತಗ್ಗಿಗೇ. ಸುಮ್ನೆ ಇದ್ದುಬಿಡೋಣ, ಯಾರ ಪರವೂ ಬೇಡ ಅನ್ನುವ ಪೋಷಕರು ಈ ಪ್ರಕರಣದಲ್ಲಿ ಬೇರೇನನ್ನು ಮರೆತರೂ ಇದನ್ನು ನೆನಪಿಟ್ಟುಕೊಳ್ಳಬೇಕು ಅಂತ ನನ್ನಾಸೆ.

ನನ್ನ ಹತ್ತಿರ ಬಂದಾಗ

ಅಪ್ಪ, ಅಮ್ಮ ಇಬ್ಬರೂ ನನ್ನ ಬಳಿ ಬಂದಿದ್ದು ಇದಾದ ಮೇಲೆ. ಅಮ್ಮನಿಗೆ ಎಲ್ಲ ಹೇಳಿಬಿಡಬೇಕು. ಅಪ್ಪನದ್ದು ಒಂದೇ ಪ್ರಶ್ನೆ: ‘ನನ್ನ ಮಗಳ ಪರವಾಗಿ ನಾನು ನಿಲ್ಲದೆ ಇನ್ಯಾರು ನಿಲ್ಲಬೇಕು?’

ಇದನ್ನು ಸ್ವಾರ್ಥ ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಹೆತ್ತವರು ತಮ್ಮ ಮಗುವಿನ ಪರ ಇರಲೇಬೇಕು. ಹಾಗೆ ಇಲ್ಲದ ಮನೆಯಲ್ಲಿ ಬೆಳೆದ ಮಕ್ಕಳನ್ನು ನಾನು ನೋಡಿದ್ದೇನೆ. ಆದರೆ ಎಲ್ಲಿಯವರೆಗೆ? ಹ್ಯಾರಿ ಬ್ರಿಗ್‌ಹೌಸ್, ಆಡಮ್ ಸ್ವಿಫ್ಟ್ ಅನ್ನುವ ಇಬ್ಬರು ಚಿಂತಕರು ಇದನ್ನೇ ಹಿಡಿದು 2014ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ. ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಓದಿದರೂ ಆ ಮಗು ಬೇರೆ ಮಕ್ಕಳಿಗಿಂತ ಮುಂದೆ ಹೋಗುತ್ತದೆ, ದುಡ್ಡು ಕೊಟ್ಟು ದೊಡ್ಡ ಶಾಲೆಗೆ ಸೇರಿಸಿದರೂ ಮುಂದೆ ಹೋಗುತ್ತದೆ. ಆದರೆ ಮೊದಲನೆಯದು ಹೆತ್ತವರು ಮಕ್ಕಳ ನಡುವಿನ ನಂಟಿಗೆ ಬೇಕೇ ಬೇಕಾದದ್ದು. ಎರಡನೆಯದಿಲ್ಲದಿದ್ದರೆ ಆ ನಂಟಿಗೇನೂ ಆಗುವುದಿಲ್ಲ. ಅವರ ಎಲ್ಲ ವಾದವನ್ನೂ ನಾನು ಒಪ್ಪುವುದಿಲ್ಲ, ಈ ಗೆರೆ ಮಾತ್ರ ನನ್ನ ಕೆಲಸದಲ್ಲಿ ತುಂಬ ಸಲ ಸಹಾಯಕ್ಕೆ ಬಂದಿದೆ. ಅಪ್ಪನನ್ನು ಕೇಳಿದೆ: ‘ನಿಜ ಹೊರಗೆ ಬಂದರೆ ನಿಮ್ಮ ಮಗಳು ನಿಮ್ಮಿಂದ ಏನು ಕಳೆದುಕೊಳ್ಳುತ್ತಾಳೆ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನಿಂದ ಏನೂ ಇಲ್ಲ, ಒಂದು ಸೀಟು ಹೋಗಬಹುದು’ ಅಂದರು. ಆ ಹುಡುಗನ ಹತ್ತಿರ ಈಗ ಏನೇನು ಇಲ್ಲ ಅಂತ ನಾನು ಕೇಳಲಿಲ್ಲ. ಅವರೇ ಎಣಿಸಲು ಶುರು ಮಾಡಿದರು.

ಇಷ್ಟೆಲ್ಲ ಮಾತಿನ ನಡುವೆ ಹುಡುಗಿಯನ್ನು ಯಾರೂ ಏನೂ ಕೇಳಿರಲಿಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದ್ದು. ಅದರ 12ನೇ ವಿಧಿ ಇರುವುದೇ ಇದಕ್ಕೆ: ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೆ ಕಿವಿಗೊಡಬೇಕು. ಹುಡುಗ 3 ಸಲ ಹೇಳಿದರೂ ಕಿವಿಗೊಟ್ಟವರಿಲ್ಲ, ಹುಡುಗಿಯನ್ನು ಕೇಳಿದವರೇ ಇಲ್ಲ. ಅವಳ ಜೊತೆ ನಾನೊಬ್ಬಳೇ ಕೂತೆ. ಸುಮಾರು ಹೊತ್ತು ಪೆನ್ಸಿಲ್ ಮೊನೆಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಆಮೇಲೆ ಅಂದಳು: ‘ಅವನು ಪತ್ರ ಬರೆದ ಅಲ್ವಾ ಆಂಟಿ, ಅದಕ್ಕೆ ಅವನು ಬೇರೆ ಏನೋ ತಗೊಂಡಿರಬೇಕು ಅನ್ಕೊಂಡೆ. ತಪ್ಪು ಮಾಡದೆ ಯಾರು ಸಾರಿ ಅಂತ ಬರೀತಾರೆ?’

ಈ ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಕಪಾಟಿನಲ್ಲಿ ಕ್ಯಾಮೆರಾ ಇಟ್ಟುಕೊಂಡವಳು ಅವಳೇ. ಆದರೂ ಅವನಲ್ಲಿ ಏನೋ ತಪ್ಪಿದೆ ಅಂತ ಅವಳಿಗೆ ಅನ್ನಿಸಿತು. ಮನೆಯಲ್ಲಿ ದಿನಾ ಸಮಾನತೆಯ ಮಾತು ಕೇಳುತ್ತಿದ್ದ ಮಗುವಿಗೆ.

ನಾನು ಎಡವಿದ್ದು

ನ್ಯೂಜಿಲೆಂಡ್‌ನಲ್ಲಿ 1989ರ ಒಂದು ಕಾನೂನಿನಿಂದ ಶುರುವಾದ ಪದ್ಧತಿಯೊಂದಿದೆ. ಮಾವೊರಿ ಜನರ ರೀತಿನೀತಿಯಿಂದ ಬಂದದ್ದು. ಮಗು ತಪ್ಪು ಮಾಡಿದಾಗ ಅದರ ಮನೆಯವರು ಸೇರಿ ಕೂರುತ್ತಾರೆ, ನೊಂದವರನ್ನೂ ಕರೆಯುತ್ತಾರೆ. ಹೇಗೆ ಸರಿಪಡಿಸುವುದು ಅಂತ ಎಲ್ಲರೂ ಕೂತು ಮಾತಾಡುತ್ತಾರೆ. ನನಗೆ ಅದರ ಮೇಲೆ ತುಂಬ ಗೌರವ. ಇಲ್ಲೂ ಹಾಗೇ ಮಾಡೋಣ ಅಂದೆ. ಹುಡುಗಿ ಹುಡುಗನ ಎದುರು ಕೂತು ಕ್ಷಮೆ ಕೇಳಲಿ, ಅವಳಿಗೂ ದೊಡ್ಡ ಪಾಠವಾಗುತ್ತದೆ, ಇಬ್ಬರಿಗೂ ಹಗುರಾಗುತ್ತದೆ ಅಂತ ನನ್ನ ಲೆಕ್ಕ. ಹುಡುಗಿಯ ಮನೆಯವರು ಒಪ್ಪಿದರು. ಅವರ ಒಪ್ಪಿಗೆ ಪಡೆದು ನಾನೇ ಹುಡುಗನ ಅಮ್ಮನ ಬಳಿ ಹೋಗಿ ನಡೆದಿದ್ದನ್ನೆಲ್ಲ ಹೇಳಿದೆ, ಕೊನೆಗೆ ಈ ಸಭೆಯ ಮಾತೆತ್ತಿದೆ.

ಅವರು ಪೂರ್ತಿ ಕೇಳಿದರು. ಅಳಲಿಲ್ಲ, ಕೂಗಾಡಲಿಲ್ಲ. ‘ಮೇಡಂ, ಅವರ ಮಗಳಿಗೆ ಪಾಠ ಹೇಳ್ಕೊಡೋಕೆ ನನ್ನ ಮಗ ಏನು ಪುಸ್ತಕಾನಾ?’ ಅಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಎಷ್ಟೋ ದಿನದಿಂದ ನಾವು ಮೂವರು, ಅಂದರೆ ನಾನು ಮತ್ತು ಹುಡುಗಿಯ ಹೆತ್ತವರು, ಮಾತಾಡುತ್ತಿದ್ದದ್ದು ಹುಡುಗಿಯ ಮನಸ್ಸು, ಹುಡುಗಿಯ ನಡತೆ, ಹುಡುಗಿಯ ಭವಿಷ್ಯದ ಬಗ್ಗೆ. ಒಳ್ಳೆಯ ಮಗುವನ್ನು ಬೆಳೆಸುವ ನಮ್ಮ ಆಸೆಯಲ್ಲೂ ಆ ಹುಡುಗ ಪಕ್ಕದ ಪಾತ್ರವಾಗಿದ್ದ.

ಹಾಗಾದರೆ ನಿಮಗೇನು ಬೇಕು ಅಂತ ಆಗ ಕೇಳಿದೆ. ಮೊದಲೇ ಕೇಳಬೇಕಿತ್ತು. ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹುಡುಗಿ ಎದ್ದು ನಿಲ್ಲುವುದು ಬೇಡ, ಅವಳೂ ಮಗುವೇ. ಯಾವ ತರಗತಿಯಲ್ಲಿ ಮಗನನ್ನು ನಿಲ್ಲಿಸಿದರೋ ಅದೇ ತರಗತಿಯಲ್ಲಿ, ಅವನನ್ನು ನಿಲ್ಲಿಸಿದ ಟೀಚರೇ ನಿಂತು, ಅವನ ಹೆಸರು ಹಿಡಿದು, ‘ಇವನು ತಗೊಂಡಿಲ್ಲ, ನಾನು ತಪ್ಪು ಮಾಡಿದೆ’ ಅಂತ ಹೇಳಬೇಕು. ಮತ್ತೆ, ಅವನಿಂದ ಬರೆಸಿಕೊಂಡ ಪತ್ರ ವಾಪಸ್ ಬೇಕು.

ಶಾಲೆ ಮೊದಲು ಒಪ್ಪಲಿಲ್ಲ. ‘ಒಂದು ತಪ್ಪು ತಿಳಿವಳಿಕೆ ಬಗೆಹರಿದಿದೆ’ ಅಂತ ಹೆಸರಿಲ್ಲದ ಒಂದು ಸೂಚನೆ ಹಾಕುತ್ತೇವೆ ಅಂದರು. ಇಲ್ಲಿ ಹುಡುಗಿಯ ಅಪ್ಪ ಮಾಡಿದ್ದು ನನಗೆ ಇಂದಿಗೂ ಬೆರಗು. ಸಮಿತಿಯಲ್ಲಿ ಅವರ ಮಾತಿಗೆ ತೂಕವಿತ್ತು. ಆ ತೂಕವನ್ನು ಅಲ್ಲಿಯವರೆಗೆ ಮಗಳನ್ನು ಕಾಪಾಡಲು ಇಟ್ಟುಕೊಂಡಿದ್ದರು. ಈಗ ಶಾಲೆಗೆ ಬರೆದುಕೊಟ್ಟರು: ಆ ಹುಡುಗನ ಹೆಸರನ್ನು ತರಗತಿಯಲ್ಲಿ ಸರಿಪಡಿಸುವವರೆಗೆ ನನ್ನ ಮಗಳಿಗೆ ನಡತೆಯ ಪತ್ರ ಬೇಡ. ಶಾಲೆ ಎಳೆದಾಡಿತು. ಅರ್ಜಿಯ ಕೊನೆಯ ದಿನ ದಾಟಿತು. ಹುಡುಗಿಗೆ ಆ ವರ್ಷ ಸೀಟು ಇಲ್ಲ ಅಂತಾಯಿತು. ಅವಳು ಒಂದು ದಿನ ಕೋಣೆ ಬಾಗಿಲು ಹಾಕಿಕೊಂಡು ಕೂತಿದ್ದಳು. ಅಪ್ಪ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದರು, ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಮಗಳ ಪರ ನಿಲ್ಲುವುದು ಅಂದರೆ ಹೀಗೂ ಇರುತ್ತದೆ ಅಂತ ನನಗೆ ಅನ್ನಿಸಿತು.

ಅದಾಗಿ ಸುಮಾರು ದಿನಕ್ಕೆ ಟೀಚರ್ ತರಗತಿಯಲ್ಲಿ ನಿಂತು ಹೇಳಿದರು. ಚೆನ್ನಾಗಿಯೇ ಹೇಳಿದರಂತೆ, ಹೆಸರು ಹಿಡಿದು, ನೆಪ ಹೇಳದೆ. ಅಷ್ಟರಲ್ಲಿ ಯಾರೂ ಹೇಳಿಕೊಡದೆ ಹುಡುಗಿ ಎದ್ದು ನಿಂತು, ‘ತಗೊಂಡಿದ್ದು ನಾನು’ ಅಂದಳು.

ಮಕ್ಕಳು ಚಪ್ಪಾಳೆ ತಟ್ಟಿದರು. ಎಷ್ಟು ಧೈರ್ಯ ಅಂತ ಟೀಚರ್ ಕಣ್ಣೊರೆಸಿಕೊಂಡರು.

ಸಂಜೆ ಹುಡುಗ ಅಮ್ಮನ ಜೊತೆ ತುಂಬ ದಿನದ ಮೇಲೆ ಶಾಲೆಯ ಮಾತಾಡಿದ. ‘ನಾನು ನಿಜ ಹೇಳಿದಾಗ ಯಾರೂ ಚಪ್ಪಾಳೆ ಹೊಡೀಲಿಲ್ಲ’ ಅಂದ, ಅಷ್ಟೇ.

ಈಗ ಯೋಚಿಸುವಾಗ

ಆ ಚಪ್ಪಾಳೆಗೆ ನಾವ್ಯಾರೂ ಸಿದ್ಧರಿರಲಿಲ್ಲ. ಹುಡುಗಿ ತಪ್ಪು ಮಾಡಲಿಲ್ಲ, ಚಪ್ಪಾಳೆ ತಟ್ಟಿದ ಮಕ್ಕಳೂ ಮಾಡಲಿಲ್ಲ. ಆದರೆ ಒಂದೇ ಕೋಣೆಯಲ್ಲಿ ಇಬ್ಬರು ಮಕ್ಕಳು ನಿಜ ಹೇಳಿದಾಗ ಒಬ್ಬರಿಗೆ ಬೆಂಚು, ಒಬ್ಬರಿಗೆ ಮೆಚ್ಚುಗೆ. ಇಂಥ ಸಂದರ್ಭದಲ್ಲಿ ಈಗ ನಾನು ಎರಡು ವಿಷಯ ಮೊದಲೇ ಕೇಳುತ್ತೇನೆ. ನೊಂದ ಮಗುವಿನ ಮನೆಯವರಿಗೆ ಏನು ಬೇಕು ಅನ್ನುವುದು ಒಂದು, ತಪ್ಪು ಒಪ್ಪಿಕೊಂಡ ಮಗುವನ್ನು ಹೊಗಳುವವರು ಯಾರು, ಆಗ ಇನ್ನೊಂದು ಮಗು ಎಲ್ಲಿರುತ್ತದೆ ಅನ್ನುವುದು ಇನ್ನೊಂದು.

ಹುಡುಗಿಯ ಮನೆಯಲ್ಲಿ ಮಾತಿನ ರೀತಿ ಬದಲಾಗಿದೆ. ಮೊದಲು ‘ಎಲ್ಲರೂ ಒಂದೇ’ ಅನ್ನುತ್ತಿದ್ದರು. ಎಲ್ಲರನ್ನೂ ಒಂದೇ ಥರ ನೋಡುತ್ತಿಲ್ಲ, ನಿನ್ನನ್ನು ಜಾಸ್ತಿ ನಂಬುತ್ತಾರೆ, ಆ ನಂಬಿಕೆ ನೀನು ಸಂಪಾದಿಸಿದ್ದಲ್ಲ ಅಂತ ಈಗ ನೇರವಾಗಿ ಹೇಳುತ್ತಾರೆ. 11 ವರ್ಷದ ಮಗುವಿಗೆ ಇದು ಭಾರ ಅಲ್ವಾ ಅಂತ ಕೇಳುವವರಿದ್ದಾರೆ. ಅದೇ ವಯಸ್ಸಿನ ಇನ್ನೊಂದು ಮಗು ಇದರ ಇನ್ನೊಂದು ತುದಿಯನ್ನು ಆಗಲೇ ಹೊತ್ತಿದೆ.

ಹುಡುಗನ ಅಮ್ಮನ ವಿಷಯ ನನಗೆ ಇನ್ನೂ ಕಷ್ಟದ್ದು. ಬರೆದುಬಿಡು ಅಂದಿದ್ದು ತಪ್ಪಾ? ಅವರ ಜಾಗದಲ್ಲಿ ನಿಂತು ನೋಡಿದರೆ, ಗೊತ್ತಿದ್ದ ಅಪಾಯದಿಂದ ಮಗನನ್ನು ಬಚಾವ್ ಮಾಡಿದರು. ಬದುಕಿ ಉಳಿಯುವುದನ್ನು ಕಲಿಸಬೇಕಾದ ತಾಯಿ ತಲೆ ಎತ್ತುವುದನ್ನೂ ಕಲಿಸಬೇಕು, ಎರಡೂ ಒಂದೇ ದಿನ, ಒಂದೇ ಬಾಗಿಲ ಹೊರಗೆ, ಎರಡು ನಿಮಿಷದಲ್ಲಿ. ಹುಡುಗಿಯ ಅಪ್ಪನಿಗೆ ಯೋಚಿಸಲು 3 ವಾರವಿತ್ತು. ಹಾಗಾಗಿ ಆ ತಾಯಿಯ ತೀರ್ಮಾನವನ್ನು ಅಳೆಯಲು ನಾನು ಹೋಗುವುದಿಲ್ಲ. ಅವರು ಮಾತ್ರ ತಮ್ಮನ್ನು ಬಿಟ್ಟಿಲ್ಲ. ‘ಬರೆಸಿದ್ದಕ್ಕೆ ಬೇಜಾರಿಲ್ಲ ಮೇಡಂ, ಆಮೇಲೆ ಕೇಳಿದೆನಲ್ಲ, ನೀನೇನಾ ಅಂತ, ಅದಕ್ಕೆ’ ಅಂದರು. ಮಗನ ಬಳಿ ಅವರು ಕ್ಷಮೆ ಕೇಳಿದ್ದಾರೆ. ಅವನು ‘ಪರವಾಗಿಲ್ಲ’ ಅಂದನಂತೆ. ಪರವಾಗಿಲ್ಲ ಅನ್ನುವುದನ್ನು ಅವನು ಬೇಗ ಕಲಿತಿದ್ದಾನೆ, ಅದೇ ನನ್ನ ಚಿಂತೆ ಅಂತ ಅವರೇ ಸೇರಿಸಿದರು.

ಪತ್ರ ವಾಪಸ್ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಫೈಲಿನಲ್ಲಿರುವುದನ್ನು ಕೊಡುವ ಹಾಗಿಲ್ಲ ಅಂತ ಒಂದಷ್ಟು ದಿನ, ಹುಡುಕುತ್ತಿದ್ದೇವೆ ಅಂತ ಒಂದಷ್ಟು ದಿನ. ಕೊನೆಗೆ ಕೊಟ್ಟರು. ಹರಿದು ಹಾಕುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವನು ನಿಂತಲ್ಲೇ ಪೂರ್ತಿ ಓದಿದ. ಎರಡು ಮಡಿಕೆ ಮಾಡಿ ಅಮ್ಮನ ಕೈಗೆ ಕೊಟ್ಟು, ‘ನೀನು ಹೇಳಿದ್ದು, ನಾನು ಬರೆದಿದ್ದು, ನಿನ್ನ ಹತ್ರಾನೇ ಇರ್ಲಿ’ ಅಂದ. ಅವರು ಅದನ್ನು ಅವನ ಜನನ ಪ್ರಮಾಣಪತ್ರದ ಜೊತೆ ಇಟ್ಟಿದ್ದಾರೆ.

ಹನಿಗಳ ಫೋಟೋ ಮತ್ತೆ ಗೋಡೆಗೆ ಬಂದಿದೆ. ಸಂಜೆ ಅವನು ಮತ್ತೆ ಚಿತ್ರಕಲೆಯ ಕೋಣೆಯಲ್ಲೇ ಕಾಯುತ್ತಾನೆ. ಕ್ಯಾಮೆರಾವನ್ನು ಇನ್ನೂ ಮುಟ್ಟಿಲ್ಲ.